ತಿರುಗಿ ಬರೋ ರೊಕ್ಕ ಎಲ್ಲಿಟ್ಟಿ? – ದೂರದ ತಿರುಗಾಟಕ್ಕೊಂದು ಲೆಕ್ಕದ ಪಾಠ

ಏಳನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾವು ನಾಲ್ಕು ಜನ ಗೆಳೆಯನ ಊರು ಘಾಟಬೋರಾಳಕ್ಕೆ ಹೋಗಿದ್ವಿ. ಹುಮನಾಬಾದ್–ಬಸವಕಲ್ಯಾಣದ ಕಡೆಯ ಊರು. ತೊಗರಿ ರಾಶಿ ಆಗಷ್ಟೇ ಮುಗಿದಿತ್ತು. ರಾತ್ರಿ ಊಟಕ್ಕೆ ಕೂತಾಗ ಗೆಳೆಯ ಧೈರ್ಯ ಮಾಡಿ ಅಪ್ಪನ ಮುಂದೆ ಮಾತು ತೆಗೆದ. ಡಿಗ್ರಿ ಆದ ಮೇಲೆ ಒಂದು ವರ್ಷ ಬೆನ್ನಿಗೆ ಚೀಲ ಹಾಕಿಕೊಂಡು ಏಷ್ಯಾ, ಯುರೋಪ್, ಆಫ್ರಿಕಾ ತಿರುಗಿ ಬರ್ತೀನಿ, ಅಗ್ಗದಾಗ ಹ್ಯಾಂಗ ಹೋಗಬೇಕು ಅಂತ ಎಲ್ಲಾ ನೋಡಿಟ್ಟೀನಿ ಅಂದ.

ಕಾಕಾ ಸಿಟ್ಟಾಗಲಿಲ್ಲ. ರೊಟ್ಟಿ ಮುರೀತಾ ಇಷ್ಟೇ ಕೇಳಿದ್ರು: “ಹೋಗೋದು ಎಲ್ಲಾ ಹೇಳ್ದಿ. ತಿರುಗಿ ಬರೋ ರೊಕ್ಕ ಎಲ್ಲಿಟ್ಟಿ?”

ನಾವ್ಯಾರೂ ಬಾಯಿ ಬಿಡಲಿಲ್ಲ. ನಮ್ಮ ಎಕ್ಸೆಲ್ ಶೀಟ್‌ನಲ್ಲಿ ಹಾಸ್ಟೆಲ್ ಬಾಡಿಗೆ ಇತ್ತು, ಬಸ್ ಚಾರ್ಜ್ ಇತ್ತು, ಸಿಮ್ ಕಾರ್ಡ್ ಕೂಡ ಇತ್ತು. ಬರೋದಕ್ಕೆ ಒಂದು ಕಾಲಂ ಇರಲಿಲ್ಲ. ಗೆಳೆಯನ ತಲೆ ಮೇಲೆ ಶಿಕ್ಷಣ ಸಾಲವೂ ಇದೆ. ಆ ರಾತ್ರಿಯಿಂದ ನಾವು ಓದಿದ್ದು, ಲೆಕ್ಕ ಹಾಕಿದ್ದು, ಒಂದಿಷ್ಟು ನಡೆದು ನೋಡಿದ್ದು ಈ ಪಾಠದಲ್ಲಿದೆ. ನಿಮ್ಮಲ್ಲೂ ಯಾರಾದರೂ ಇದೇ ಕನಸು ಇಟ್ಟುಕೊಂಡಿದ್ದರೆ ಉಪಯೋಗ ಆಗಲಿ.

1. ಬೀದರ್‌ಗೆ ಬಂದಿದ್ದ ಒಬ್ಬ ಸಾಲಗಾರ

ಕಡಿಮೆ ದುಡ್ಡಿನಲ್ಲಿ ಖಂಡ ದಾಟೋದು ಇನ್‌ಸ್ಟಾಗ್ರಾಂ ಕಾಲದ ಹೊಸ ಹುಚ್ಚು ಅಂದುಕೊಂಡಿದ್ವಿ. ಅಲ್ಲ. ನಮ್ಮ ಜಿಲ್ಲೆಗೇ ಅಂಥವನೊಬ್ಬ 1470ರ ಸುಮಾರಿಗೆ ಬಂದಿದ್ದ. ಹೆಸರು ಅಫನಾಸಿ ನಿಕಿತಿನ್. ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ವೋಲ್ಗಾ ನದಿಯಲ್ಲಿ ಸರಕು ತುಂಬಿಕೊಂಡು ಹೊರಟವನನ್ನು ಅಸ್ತ್ರಾಖಾನ್ ಹತ್ತಿರ ದರೋಡೆಕೋರರು ದೋಚಿದರು. ಆಮೇಲೆ ಆ ಗುಂಪು ಚದುರಿತು. ಊರಲ್ಲಿ ಏನಾದರೂ ಉಳಿದಿದ್ದವರು ಊರಿಗೆ ತಿರುಗಿದರು, ಸಾಲ ಇದ್ದವರು ಕಣ್ಣು ಕಂಡ ಕಡೆ ಹೋದರು ಅಂತ ಅವನೇ ಬರೆದಿಟ್ಟಿದ್ದಾನೆ. ಬರಿಗೈಯಲ್ಲಿ ಊರಿಗೆ ಹೋದರೆ ಸಾಲಗಾರರಿಗೆ ಮುಖ ತೋರಿಸೋದು ಹೇಗೆ? ನಿಕಿತಿನ್ ತಿರುಗಲಿಲ್ಲ, ಮುಂದಕ್ಕೆ ನಡೆದ.

ದೆರ್ಬೆಂತ್, ಬಾಕು, ಇರಾನಿನ ಊರೂರು ದಾಟಿ ಹೋರ್ಮುಜ್‌ಗೆ ಬಂದ. ಹಿಂದುಸ್ತಾನದಲ್ಲಿ ಕುದುರೆಗೆ ಒಳ್ಳೆ ಬೆಲೆ ಅಂತ ಒಂದು ಗಂಡು ಕುದುರೆ ಕೊಂಡ. ಅದನ್ನು ಹಡಗಿಗೆ ಹತ್ತಿಸಿ ಇಂದಿನ ಮಹಾರಾಷ್ಟ್ರದ ಚೌಲ್ ಬಂದರಿಗೆ ಇಳಿದ. ಜುನ್ನರ್‌ನಲ್ಲಿ ಅಲ್ಲಿನ ಖಾನ ಆ ಕುದುರೆಯನ್ನೇ ಕಿತ್ತುಕೊಂಡು, ನಮ್ಮ ಮತಕ್ಕೆ ಬಾ, ಇಲ್ಲಾಂದ್ರೆ ದಂಡ ಕಟ್ಟು ಅಂದ. ಕೊಟ್ಟ ಗಡುವು ನಾಲ್ಕೇ ದಿನ. ಖೊರಾಸಾನಿನ ಒಬ್ಬ ಹಿರಿಯ ಮಧ್ಯೆ ಬಂದು ಬಿಡಿಸಿದ್ದರಿಂದ ಉಳಿದ. ಆ ಕುದುರೆಯನ್ನು ಒಂದು ವರ್ಷ ಸಾಕಿ, ಕೊನೆಗೆ ಬೀದರ್‌ನಲ್ಲಿ ಮಾರಿದ.

ಆಗ ಬೀದರ್ ಬಹಮನಿಗಳ ರಾಜಧಾನಿ. ಇರಾನಿನ ಗಿಲಾನ್‌ನಿಂದ ಬಂದ ಮಹಮೂದ್ ಗವಾನ್ ಪ್ರಧಾನಿ. ನಿಕಿತಿನ್ ಇಲ್ಲಿ ತಿಂಗಳುಗಟ್ಟಲೆ ಇದ್ದ. ಬೀದರ್‌ನಿಂದ 12 ಕೋಸ್ ದೂರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಶೇಖ್ ಅಲಾವುದ್ದೀನರ ಜಾತ್ರೆ, ಅಲ್ಲಿ ಹತ್ತು ದಿನ ನಡೆಯುವ ಕುದುರೆ ವ್ಯಾಪಾರ ಎಲ್ಲ ಬರೆದಿದ್ದಾನೆ. ಆ ಜಾಗ ಇಂದಿನ ಆಳಂದ ಅಂತ ಗುರುತಿಸ್ತಾರೆ. ಶಿವರಾತ್ರಿಗೆ ಇಲ್ಲಿನ ಜನರ ಜೊತೆ ಶ್ರೀಶೈಲಕ್ಕೂ ಹೋಗಿಬಂದ.

ತಿರುಗಿ ಹೋಗುವಾಗ ದಾಭೋಲ್‌ನಲ್ಲಿ ಹಡಗು ಹತ್ತಿದ. ಅದು ದಾರಿ ತಪ್ಪಿ ಆಫ್ರಿಕಾದ ಇಥಿಯೋಪಿಯಾ ತೀರಕ್ಕೆ ಹೋಯಿತು. ಅಲ್ಲಿಂದ ಮಸ್ಕತ್, ಹೋರ್ಮುಜ್, ಮತ್ತೆ ಇರಾನ್, ಕಪ್ಪು ಸಮುದ್ರದ ದಂಡೆಯ ತ್ರೆಬಿಜಾಂಡ್. ಅಲ್ಲಿನ ಅಧಿಕಾರಿಗಳು ಗೂಢಚಾರ ಇರಬಹುದು ಅಂತ ಗಂಟುಮೂಟೆ ಜಾಲಾಡಿದರು, ಇದ್ದಬದ್ದ ಸಾಮಾನೂ ಹೋಯಿತು. ಕಡೆಗೆ ಕಪ್ಪು ಸಮುದ್ರ ದಾಟಿದ. ಆದರೆ ಊರು ಮುಟ್ಟಲಿಲ್ಲ, ಸ್ಮೋಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಅವನು ಬರೆದಿಟ್ಟ ಪುಸ್ತಕ ಮಾತ್ರ 1475ರಲ್ಲಿ ಮಾಸ್ಕೋ ಮುಟ್ಟಿತು.

ಈ ಕಥೆಯನ್ನು ಸಾಹಸ ಅಂತ ಓದಬಹುದು. ನಾವು ಅದನ್ನು ಒಂದು ‘ಫೇಲ್ಯೂರ್ ಅನಾಲಿಸಿಸ್’ ಥರ ಓದಿದ್ವಿ. ಮೂರು ತಪ್ಪು ಕಂಡವು. ಇದ್ದ ಬಂಡವಾಳವೆಲ್ಲ ಒಂದೇ ಕುದುರೆ ಮೇಲೆ. ಹಿಂದುಸ್ತಾನದಲ್ಲಿ ನಮ್ಮ ದೇಶಕ್ಕೆ ಬೇಕಾದ ಸರಕು ಸಿಗುತ್ತೆ ಅಂತ ಯಾರೋ ಹೇಳಿದ ಮಾತು ನಂಬಿದ್ದು; ಬಂದು ನೋಡಿದರೆ ಅಂಥದ್ದು ಏನೂ ಇಲ್ಲ ಅಂತ ಅವನೇ ಗೋಳಾಡಿದ್ದಾನೆ. ಮೂರನೆಯದು, ಬರೋ ರೊಕ್ಕ ಬೇರೆ ತೆಗೆದಿಟ್ಟಿರಲಿಲ್ಲ.

2. ಲೆಕ್ಕವನ್ನು ಹಿಂದಿನಿಂದ ಹಾಕೋದು

ಸಾಮಾನ್ಯವಾಗಿ ನಾವೆಲ್ಲ ಮಾಡೋದು ಹೀಗೆ: “ಒಂದು ವರ್ಷ ತಿರುಗಬೇಕು, ದಿನಕ್ಕೆ ಇಷ್ಟು, ಒಟ್ಟು ಇಷ್ಟು.” ಇದರಲ್ಲಿ ದಿನಗಳು ಇನ್‌ಪುಟ್. ಕಾಕಾನ ಪ್ರಶ್ನೆ ಇಟ್ಟುಕೊಂಡು ನೋಡಿದರೆ ದಿನಗಳು ಔಟ್‌ಪುಟ್ ಆಗಬೇಕು.

ಇರೋ ದುಡ್ಡನ್ನು ಮೂರು ಡಬ್ಬಿ ಮಾಡಿ.

ಬರೋ ಡಬ್ಬಿ: ತಿರುಗಿ ಬರುವ ವಿಮಾನದ ಟಿಕೆಟ್, ಬಂದ ಮೇಲೆ ಎರಡು ಮೂರು ತಿಂಗಳು ಕೆಲಸ ಹುಡುಕುವಾಗಿನ ಖರ್ಚು, ಸಾಲ ಇದ್ದರೆ ಅದರ ಕಂತು. ಶಿಕ್ಷಣ ಸಾಲಕ್ಕೆ ಕೋರ್ಸ್ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಬಿಡುವು ಇರುತ್ತೆ. ಆದರೆ ಬಡ್ಡಿ ಬಿಡುವು ತಗೊಳ್ಳಲ್ಲ, ಬೆಳೀತಾನೇ ಇರುತ್ತೆ.

ಗಡಿ ಡಬ್ಬಿ: ಪಾಸ್‌ಪೋರ್ಟ್, ವೀಸಾ, ವಿಮೆ, ಲಸಿಕೆ, ಖಂಡದಿಂದ ಖಂಡಕ್ಕೆ ಹಾರುವ ಟಿಕೆಟ್.

ದಿನದ ಡಬ್ಬಿ: ಮಲಗೋದು, ಊಟ, ಸ್ಥಳೀಯ ಬಸ್ಸು, ಬಟ್ಟೆ ಒಗೆಯೋದು.

ಸೂತ್ರ ಸರಳ: ದಿನಗಳು = (ಒಟ್ಟು – ಬರೋ ಡಬ್ಬಿ – ಗಡಿ ಡಬ್ಬಿ) ÷ ದಿನದ ಖರ್ಚು.

ಲೆಕ್ಕ ಕಲಿಯೋಕೆ ಅಂತ ಕೆಲವು ಅಂಕಿ ಇಟ್ಟುಕೊಳ್ಳೋಣ, ಇವು ಯಾವ ದೇಶದ ದರವೂ ಅಲ್ಲ. ಒಟ್ಟು 5,00,000 ರೂಪಾಯಿ. ಬರೋ ಡಬ್ಬಿ 1,20,000. ಗಡಿ ಡಬ್ಬಿ 1,40,000. ಉಳಿದದ್ದು 2,40,000. ದಿನಕ್ಕೆ 1,500 ಸಾಕಾಗುವ ದೇಶಗಳಲ್ಲಿ ಇದು 160 ದಿನ ಬರುತ್ತೆ. ದಿನಕ್ಕೆ 4,000 ಬೇಕಾದ ಕಡೆ 60 ದಿನಕ್ಕೆ ಮುಗಿಯುತ್ತೆ. “ಇನ್ನೊಂದು ಖಂಡ ಸೇರಿಸೋಣ” ಅಂದು ವೀಸಾ, ಟಿಕೆಟ್‌ಗೆ 60,000 ಹಾಕಿದಿರಿ ಅನ್ನಿ. 160 ದಿನ 120ಕ್ಕೆ ಇಳಿಯಿತು. ಪಾಸ್‌ಪೋರ್ಟಿನಲ್ಲಿ ಒಂದೆರಡು ಮುದ್ರೆ ಹೆಚ್ಚಾದವು, ನಲವತ್ತು ದಿನ ಹೋದವು.

ಇನ್ನೊಂದು ಮೋಸ ಇದೆ. ದಿನ ಹೆಚ್ಚಾದಷ್ಟೂ ಗಡಿ ಖರ್ಚು ಹಂಚಿಹೋಗಿ ದಿನದ ಸರಾಸರಿ ಇಳಿಯುತ್ತೆ. “ಉದ್ದ ತಿರುಗಿದಷ್ಟೂ ಅಗ್ಗ” ಅನ್ನೋ ಮಾತು ಬಂದಿದ್ದು ಇಲ್ಲಿಂದ. ಸರಾಸರಿ ಇಳಿದರೂ ಒಟ್ಟು ಏರ್ತಾನೇ ಇರುತ್ತೆ. ಬ್ಯಾಂಕ್ ಖಾತೆಯಿಂದ ಹೋಗೋದು ಒಟ್ಟು, ಸರಾಸರಿ ಅಲ್ಲ.

3. ನಮ್ಮ ಪಾಸ್‌ಪೋರ್ಟ್, ನಮ್ಮ ಲೆಕ್ಕ

ಅಗ್ಗದ ತಿರುಗಾಟದ ಪುಸ್ತಕ, ವಿಡಿಯೊಗಳಲ್ಲಿ ಬಹಳಷ್ಟು ಯುರೋಪ್, ಅಮೆರಿಕದವರು ಮಾಡಿದವು. ಅವರಿಗೆ ವೀಸಾ ಒಂದು ದೊಡ್ಡ ಮಾತಲ್ಲ. ನಮಗೆ ಅದೇ ಮೊದಲ ಖರ್ಚು.

36 ಪುಟದ ಪಾಸ್‌ಪೋರ್ಟ್‌ಗೆ ಸಾಮಾನ್ಯ ಶುಲ್ಕ 1,500 ರೂ., 60 ಪುಟದ್ದಕ್ಕೆ 2,000 ರೂ. ವೀಸಾ ಅಂಟಿಸುವ ದೇಶ ಜಾಸ್ತಿ ಇದ್ದರೆ 60 ಪುಟದ್ದೇ ಮೇಲು. ನೇಪಾಳ, ಭೂತಾನ್‌ಗೆ ನಮಗೆ ವೀಸಾ ಬೇಡ. ಯುರೋಪಿನ ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ ಶುಲ್ಕ. ವೀಸಾ ಸಿಗದಿದ್ದರೂ ಆ ದುಡ್ಡು ವಾಪಸ್ ಬರಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ದಿನ. ಇದು ಕ್ಯಾಲೆಂಡರ್ ಅರ್ಧ ವರ್ಷ ಅಲ್ಲ, ‘ಮೂವಿಂಗ್ ವಿಂಡೊ’. ಪ್ರತಿದಿನ ಹಿಂದಿನ 180 ದಿನ ಎಣಿಸಬೇಕು. ಸಿಗ್ನಲ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡಿದವರು ಗಡಿಯಲ್ಲಿ ಸಿಕ್ಕಿಬೀಳ್ತಾರೆ.

ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಇರುವ ದೇಶಗಳಿಂದ ಭಾರತಕ್ಕೆ ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೂ ಕ್ವಾರಂಟೈನ್. ಪ್ರಮಾಣಪತ್ರ ಲಸಿಕೆ ಹಾಕಿಸಿದ 10 ದಿನದ ಮೇಲಷ್ಟೇ ಊರ್ಜಿತ, ಆಮೇಲೆ ಜೀವಮಾನ ಪೂರ್ತಿ ನಡೆಯುತ್ತೆ. ಅಂದ್ರೆ ಇದೂ ‘ಬರೋ’ ಲೆಕ್ಕದಲ್ಲೇ ಸೇರಬೇಕಾದದ್ದು.

ವೀಸಾ ಕೊಡುವವರು ಕೇಳುವ ಕಾಗದ ನೋಡಿ: ಬ್ಯಾಂಕ್ ಸ್ಟೇಟ್‌ಮೆಂಟ್, ತಿರುಗಿ ಹೋಗುವ ಟಿಕೆಟ್, ಊರಲ್ಲಿ ಏನು ಕೆಲಸ, ಏನು ಆಸ್ತಿ. ಘಾಟಬೋರಾಳದಲ್ಲಿ ರೊಟ್ಟಿ ಮುರೀತಾ ಕಾಕಾ ಕೇಳಿದ ಪ್ರಶ್ನೆಯನ್ನೇ ರಾಯಭಾರ ಕಚೇರಿ ಫಾರ್ಮಿನಲ್ಲಿ ಕೇಳುತ್ತೆ. ಅಪ್ಪನಿಗೆ ಉತ್ತರ ಕೊಡಕ್ಕಾಗದವರು ಅಲ್ಲೂ ಕೊಡಕ್ಕಾಗಲ್ಲ.

ಪ್ರವಾಸಿ ವೀಸಾದಲ್ಲಿ ದುಡಿಯೋದು ಬೇಡವೇ ಬೇಡ. ಹಾಸಿಗೆಗೆ ಬದಲಾಗಿ ಹಾಸ್ಟೆಲ್ ಕೌಂಟರಿನಲ್ಲಿ ಕೂತರೂ ಎಷ್ಟೋ ದೇಶಗಳಲ್ಲಿ ಅದನ್ನು ಕೆಲಸ ಅಂತಲೇ ಹಿಡೀತಾರೆ. ದುಡೀತಾ ತಿರುಗಬೇಕು ಅನ್ನೋರಿಗೆ ನೇರ ದಾರಿಗಳಿವೆ. ಬ್ರಿಟನ್ನಿನ ‘ಇಂಡಿಯಾ ಯಂಗ್ ಪ್ರೊಫೆಷನಲ್ಸ್’ ಯೋಜನೆ 18ರಿಂದ 30 ವಯಸ್ಸಿನ ಪದವೀಧರರಿಗೆ ಎರಡು ವರ್ಷದವರೆಗೆ ಇದ್ದು ದುಡಿಯಲು ಬಿಡುತ್ತೆ. ಆಸ್ಟ್ರೇಲಿಯಾದ ‘ವರ್ಕ್ ಅಂಡ್ ಹಾಲಿಡೇ’ ವೀಸಾ 2024ರಿಂದ ಭಾರತೀಯರಿಗೂ ತೆರೆದಿದೆ, ವರ್ಷಕ್ಕೆ 1,000 ಜನರಿಗೆ. ಎರಡಕ್ಕೂ ಲಾಟರಿ ಇದೆ, ಸಿಕ್ಕೇ ಸಿಗುತ್ತೆ ಅಂತ ಪ್ಲಾನ್ ಮಾಡಬೇಡಿ. ಈ ನಿಯಮ, ಶುಲ್ಕಗಳು ಬದಲಾಗ್ತಾ ಇರ್ತವೆ. ಹೊರಡುವ ಮುನ್ನ ಆಯಾ ಸರ್ಕಾರದ ಪುಟದಲ್ಲೇ ನೋಡಿ.

4. ಪುಕ್ಕಟೆಯೂ ದಾಸೋಹವೂ ಒಂದೇ ಅಲ್ಲ

ನಿಕಿತಿನ್ ನಮ್ಮ ನಾಡಿನಲ್ಲಿ ಇಷ್ಟು ಕಾಲ ಇದ್ದದ್ದು ಜನರಿಂದ. ತನ್ನ ಗುರುತು ಬಿಚ್ಚಿ ಹೇಳಿದ ಮೇಲೆ ಇಲ್ಲಿನವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲ ಅಂತ ಬರೆದಿದ್ದಾನೆ. ಇದು ನಮ್ಮ ಭಾಗಕ್ಕೆ ಹೊಸದೂ ಅಲ್ಲ. 12ನೇ ಶತಮಾನದಲ್ಲಿ ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದರು ಅಂತ ಹೇಳುವ ಮೋಳಿಗೆ ಮಾರಯ್ಯ ದಂಪತಿ ಇಲ್ಲಿ ಕಟ್ಟಿಗೆ ಹೊರೆ ಮಾರಿ ಬದುಕಿದರು, ಆ ದುಡಿಮೆಯಲ್ಲೇ ದಾಸೋಹ ನಡೆಸಿದರು. ಬಂದವರು ಉಂಡು ಹೋಗಲಿಲ್ಲ, ದುಡಿದು ಉಣ್ಣಿಸಿದರು.

ಬೀದರ್‌ನ ಗುರುನಾನಕ್ ಝೀರಾದ ಲಂಗರ್‌ನಲ್ಲಿ ಯಾರು ಬಂದರೂ ಊಟ ಸಿಗುತ್ತೆ. ಅದನ್ನು ಬಜೆಟ್ ಶೀಟ್‌ನಲ್ಲಿ ‘ಊಟ: 0’ ಅಂತ ಬರೆಯೋದು ತಪ್ಪು. ಉಂಡ ಮೇಲೆ ತಟ್ಟೆ ತೊಳೆಯಿರಿ, ಒಂದು ಗಂಟೆ ಸೇವೆಗೆ ನಿಲ್ಲಿ. ಇನ್ನೊಬ್ಬರ ಔದಾರ್ಯವನ್ನು ಲೆಕ್ಕದಲ್ಲಿ ಮೊದಲೇ ಆದಾಯ ಅಂತ ಹಿಡಿಯಬಾರದು.

5. ಪ್ರಯೋಗ: ಮೊದಲು ಮನೆ ಅಂಗಳದಲ್ಲಿ

ಡಿಸೈನ್ ಮಾಡಿದ್ದನ್ನು ಟೆಸ್ಟ್ ಮಾಡದೆ ಯಾರೂ ಹೊರಗೆ ಬಿಡಲ್ಲ. ಮರುದಿನವೇ ನಾವು ಒಂದು ವಾರದ ಪ್ರಯೋಗಕ್ಕೆ ಹೊರಟ್ವಿ: ಘಾಟಬೋರಾಳ, ಬಸವಕಲ್ಯಾಣ, ಆಳಂದ, ಕಲಬುರಗಿ. ಅಲ್ಲಿಂದ 2017ರಲ್ಲಿ ಶುರುವಾದ ರೈಲು ದಾರಿಯಲ್ಲಿ ಹುಮನಾಬಾದ್ ಮೇಲೆ ಬೀದರ್. ನಮ್ಮ ಜೊತೆಗಿದ್ದ ಗೆಳತಿಗೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚೇ ಬರಲಿಲ್ಲ. ಆದರೆ ಕತ್ತಲಾಗೋ ಮೊದಲು ಊರು ಸೇರಬೇಕು, ಬಾಗಿಲು ಸರಿ ಇರೋ ಕೋಣೆ ಬೇಕು ಅನ್ನೋ ಲೆಕ್ಕ ಅವಳಿಗೆ ನಮಗಿಂತ ಹೆಚ್ಚಾಗಿತ್ತು. ಅಗ್ಗದ ಕೋಣೆ ಎಲ್ಲರಿಗೂ ಒಂದೇ ಬೆಲೆಗೆ ಬೀಳಲ್ಲ.

ಕಲಿತದ್ದು ಬಹಳ. ಹೊರಡುವಾಗ ಚೀಲಗಳನ್ನು ತೊಗರಿ ತೂಗುವ ಕಾಟಾದ ಮೇಲೆ ಇಟ್ಟರೆ ಒಂದೊಂದು 13, 14 ಕಿಲೊ. ಬಸವಕಲ್ಯಾಣದ ಕೋಟೆ ಹತ್ತಿ ಇಳಿಯೋದರೊಳಗೆ ಬುದ್ಧಿ ಬಂತು. ಅರ್ಧ ಸಾಮಾನು ಬಳಸಲೇ ಇಲ್ಲ. ದಿನವೂ ಜಾಗ ಬದಲಿಸಿದಾಗ ಖರ್ಚು ಏರಿತು, ಒಂದೇ ಕಡೆ ಎರಡು ರಾತ್ರಿ ನಿಂತಾಗ ಇಳಿಯಿತು. ಒಬ್ಬನ ಎಟಿಎಂ ಕಾರ್ಡ್ ಕೆಲಸ ಮಾಡದೆ ಹೋದಾಗ ನಿಕಿತಿನ್ನನ ಕುದುರೆ ನೆನಪಾಯಿತು. ಅಂದಿನಿಂದ ಎರಡು ಬ್ಯಾಂಕಿನ ಎರಡು ಕಾರ್ಡ್, ಒಂದಿಷ್ಟು ನಗದು, ಮೂರೂ ಬೇರೆ ಬೇರೆ ಕಡೆ. ದಿನದ ಖರ್ಚು ಅದೇ ರಾತ್ರಿ ಬರೆದರೆ ಮಾತ್ರ ಸರಿ ಬರುತ್ತೆ. ಮರುದಿನ ಬರೆದರೆ ಚಹಾ ಮರೆತುಹೋಗುತ್ತೆ, ಚಹಾ ಸಣ್ಣ ಖರ್ಚಲ್ಲ.

ಅಂದಾಜಿಗಿಂತ ನಿಜವಾದ ಖರ್ಚು ಎಷ್ಟು ಪಟ್ಟು ಬಂತು ಅಂತ ನೋಡಿಕೊಳ್ಳಿ. ಆ ಪಟ್ಟನ್ನೇ ನಿಮ್ಮ ದೊಡ್ಡ ಪ್ರವಾಸದ ದಿನದ ಖರ್ಚಿಗೆ ಗುಣಿಸಿ. ಅದೇ ನಿಮ್ಮ ‘ಫ್ಯಾಕ್ಟರ್ ಆಫ್ ಸೇಫ್ಟಿ’.

ಕೊನೆಗೆ

ವಾರ ಕಳೆದು ಘಾಟಬೋರಾಳಕ್ಕೆ ತಿರುಗಿ ಬಂದಾಗ ಗೆಳೆಯ ಅಪ್ಪನ ಮುಂದೆ ಹೊಸ ಹಾಳೆ ಇಟ್ಟ. ಮೊದಲ ಸಾಲಿನಲ್ಲಿ ಬರೋ ಡಬ್ಬಿ ಇತ್ತು. ಒಂದು ವರ್ಷ ಅನ್ನೋದು ಹೋಗಿ ಐದು ತಿಂಗಳಾಗಿತ್ತು, ಮೂರು ಖಂಡ ಹೋಗಿ ಎರಡಾಗಿತ್ತು, ಹೊರಡೋದು ಎರಡು ವರ್ಷ ಕೆಲಸ ಮಾಡಿ, ಸಾಲದ ಬಹುಭಾಗ ತೀರಿಸಿದ ಮೇಲೆ ಅಂತಾಗಿತ್ತು. ಅವನ ಮುಖ ಸ್ವಲ್ಪ ಸಪ್ಪಗಿತ್ತು, ಸುಳ್ಳು ಹೇಳೋದ್ಯಾಕೆ.

ಕಾಕಾ ಹಾಳೆ ಎರಡು ಸಲ ಓದಿದ್ರು. “ಈ ಮೊದಲನೇ ಡಬ್ಬಿ ರೊಕ್ಕ ನನ್ನ ಹಂತ್ಯಾಕ ಇರಲಿ. ನೀ ಎಲ್ಲಿದ್ರೂ ಫೋನ್ ಮಾಡು, ಕಳಸ್ತೀನಿ” ಅಂದ್ರು. ಹೋಗು ಅಂತ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹೋಗಬೇಡ ಅಂತಲೂ ಹೇಳಲಿಲ್ಲ.

ಮನೆಗೆಲಸ: ಒಂದು ಹಾಳೆ ತಗೊಳ್ಳಿ. ನಿಮ್ಮ ಹತ್ತಿರ ನಿಜವಾಗಿ ಆಗಬಹುದಾದ ಒಟ್ಟು ಮೊತ್ತ ಬರೆಯಿರಿ. ಮೊದಲು ಬರೋ ಡಬ್ಬಿ ಕಳೆಯಿರಿ, ಆಮೇಲೆ ಗಡಿ ಡಬ್ಬಿ. ಉಳಿದದ್ದಕ್ಕೆ ಎಷ್ಟು ದಿನ ಬಂತು ಅಂತ ನೋಡಿ. ಕಡಿಮೆ ಬಂದರೆ ಬೇಜಾರಾಗಬೇಡಿ. ಅಷ್ಟು ದಿನ ತಿರುಗೋದು ನಿಮ್ಮ ಕೈಯಲ್ಲಿದೆ ಅಂತ ಈಗ ಗೊತ್ತಾಯಿತಲ್ಲ.