ಜಠರ ತೆಗೆಸಿದ ಮೇಲೆ ಗೆಲ್ಲುವುದು ಹೇಗೆ? ಒಂಬತ್ತು ಸೂತ್ರಗಳು

1881ರ ಜನವರಿ 29ರಂದು ವಿಯೆನ್ನಾದ ಸರ್ಜನ್ ಥಿಯೋಡೋರ್ ಬಿಲ್‌ರೋತ್ ಕ್ಯಾನ್ಸರ್ ಹಿಡಿದ ಜಠರದ ತುದಿಯನ್ನು ಕತ್ತರಿಸಿ, ಉಳಿದ ಭಾಗವನ್ನು ಸಣ್ಣ ಕರುಳಿಗೆ ಹೊಲಿದರು. ಅಂಥ ಆಪರೇಷನ್ ಆಗಿಯೂ ಬದುಕಿ ಎದ್ದವರಲ್ಲಿ ಆ ರೋಗಿಯೇ ಮೊದಲು. ಆದರೆ ಸುಮಾರು ನಾಲ್ಕು ತಿಂಗಳಿಗೆ ಕ್ಯಾನ್ಸರ್ ಮರುಕಳಿಸಿ ಆಕೆ ತೀರಿಕೊಂಡರು. ಇವತ್ತು ಆಪರೇಷನ್ ಟೇಬಲ್ ಮೇಲೆ ಸಾಯುವವರು ತೀರ ಅಪರೂಪ. ಕಷ್ಟವೆಲ್ಲ ಅದಕ್ಕೆ ಮೊದಲಿನ ಮತ್ತು ಆಮೇಲಿನ ವಾರಗಳಲ್ಲಿ. ಆ ವಾರಗಳಲ್ಲಿ ರೋಗಿಗೂ ಮನೆಯವರಿಗೂ ಮಾಡಲು ಬೇಕಾದಷ್ಟು ಕೆಲಸವಿದೆ.

1. ಗಡ್ಡೆಗಿಂತ ಮೊದಲು ತೂಕ ನೋಡಿ

"ಗಡ್ಡೆ ಬೇಗ ತೆಗೆಸಿಬಿಡೋಣ" ಎಂದು ಮನೆಯವರು ಅವಸರ ಮಾಡುವುದು ಸಹಜ. ಆದರೆ 60 ಕಿಲೋ ಇದ್ದವರು ಆರು ತಿಂಗಳಲ್ಲಿ 54ಕ್ಕೆ ಇಳಿದಿದ್ದರೆ, ಆ ಮೈಗೆ ಹೊಲಿಗೆ ಕೂಡಿಸಿಕೊಳ್ಳುವ ಶಕ್ತಿ ಕಡಿಮೆಯಾಗಿರುತ್ತದೆ. ತೀರ ಸೊರಗಿದವರಿಗೆ ಒಂದೆರಡು ವಾರ ಚೆನ್ನಾಗಿ ಪೋಷಣೆ ಕೊಟ್ಟು, ಅದಕ್ಕಾಗಿ ಆಪರೇಷನ್ ಮುಂದೂಡಿದರೂ ಲಾಭವೇ. ಮೊಟ್ಟೆ, ಹಾಲು, ಬೇಳೆ, ವೈದ್ಯರು ಹೇಳಿದ ಪ್ರೋಟೀನ್ ಪುಡಿ ಕೊಡಿ. ನುಂಗಲಾಗದಿದ್ದರೆ ಮೂಗಿನ ನಳಿಕೆಯ ಮೂಲಕವಾದರೂ ಆಹಾರ ಹೋಗಲಿ. ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು. ಆಪರೇಷನ್ ಆದಮೇಲೆ ಕಾಡುವ ನ್ಯುಮೋನಿಯಾ ತಪ್ಪಿಸಲು ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

2. "ವರ್ಷಕ್ಕೆ ಎಷ್ಟು ಮಾಡುತ್ತೀರಿ?" ಎಂದು ಕೇಳಿ

ನಮ್ಮಲ್ಲಿ ಈ ಪ್ರಶ್ನೆ ಕೇಳಲು ಸಂಕೋಚ. ಕೇಳಲೇಬೇಕು. ದೊಡ್ಡ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳನ್ನು ಹೆಚ್ಚು ಮಾಡುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂಬುದು ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೇ ಕಂಡಿತ್ತು. ತೊಡಕುಗಳು ಒಳ್ಳೆಯ ಆಸ್ಪತ್ರೆಯಲ್ಲೂ ಬರುತ್ತವೆ. ಬಂದಾಗ ರೋಗಿಯನ್ನು ಉಳಿಸಿಕೊಳ್ಳುವುದರಲ್ಲಿ ವ್ಯತ್ಯಾಸ ಇರುವುದು. ರಾತ್ರಿ ಎರಡು ಗಂಟೆಗೂ ಸಿಟಿ ಸ್ಕ್ಯಾನ್ ಆಗುತ್ತದೆಯೇ, ಹೊಟ್ಟೆಯೊಳಗೆ ಕೀವು ತುಂಬಿದರೆ ಸೂಜಿ ಹಾಕಿ ನಳಿಕೆ ಇಡುವ ರೇಡಿಯಾಲಜಿಸ್ಟ್ ಇದ್ದಾರೆಯೇ, ಐಸಿಯು ಹೇಗಿದೆ ಎಂದು ವಿಚಾರಿಸಿ. ಲಾಬಿಯ ಗ್ರಾನೈಟ್ ನೋಡಿ ಆಸ್ಪತ್ರೆ ಆರಿಸಬೇಡಿ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯ ಬಾಗಿಲಲ್ಲಿ ಸರದಿ ಉದ್ದವಿರಬಹುದು, ಆದರೆ ಅಲ್ಲಿ ಕೈಗಳು ಪಳಗಿರುತ್ತವೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ವಿಚಾರವನ್ನು ಮೊದಲ ಭೇಟಿಯಲ್ಲೇ ಎತ್ತಿ.

3. ಮೊದಲು ಕೀಮೋ ಎಂದರೆ ಹೆದರಬೇಡಿ

"ಆಪರೇಷನ್ ಮಾಡಕ್ಕಾಗಲ್ಲ, ಅದಕ್ಕೇ ಕೀಮೋ ಕೊಡ್ತಿದಾರೆ" ಎಂಬ ಗುಸುಗುಸು ವಾರ್ಡಿನಲ್ಲಿ ಸಾಮಾನ್ಯ. ಜಠರದ ಗೋಡೆಯೊಳಕ್ಕೆ ಆಳವಾಗಿ ಇಳಿದ ಕ್ಯಾನ್ಸರಿಗೆ ಆಪರೇಷನ್ನಿನ ಮೊದಲು ಸ್ವಲ್ಪ, ಆಮೇಲೆ ಸ್ವಲ್ಪ ಕೀಮೋ ಕೊಡುವುದು ಈಗ ರೂಢಿ. ಜರ್ಮನಿಯ ಫ್ಲಾಟ್ ಪ್ರಯೋಗದಲ್ಲಿ (2019) ಹೊಸ ಔಷಧಗಳನ್ನು ನಾಲ್ಕು ಸುತ್ತು ಮೊದಲು, ನಾಲ್ಕು ಸುತ್ತು ನಂತರ ಪಡೆಯುವ ಗುಂಪಿನಲ್ಲಿ ಅರ್ಧದಷ್ಟು ರೋಗಿಗಳು 50 ತಿಂಗಳು ದಾಟಿ ಬದುಕಿದ್ದರು. ಹಳೆಯ ಔಷಧಗಳ ಗುಂಪಿನಲ್ಲಿ ಆ ಗಡಿ 35 ತಿಂಗಳು. ಆದರೆ ಆ ಎಂಟೂ ಸುತ್ತು ಪೂರೈಸಿದವರು ಅರ್ಧಕ್ಕಿಂತ ಕಡಿಮೆ. ಆಪರೇಷನ್ ಆದಮೇಲೆ ತೊಡಕು ಬಂದು ನಿತ್ರಾಣವಾದವರಿಗೆ ಉಳಿದ ಕೀಮೋ ತಡವಾಗುತ್ತದೆ, ಕೆಲವೊಮ್ಮೆ ತಪ್ಪಿಯೇ ಹೋಗುತ್ತದೆ. ಹೊಲಿಗೆಯ ಒಂದು ಸೋರಿಕೆ ಹತ್ತು ದಿನ ಕಾಡಿ ಸುಮ್ಮನಾಗುವುದಿಲ್ಲ, ಮುಂದಿನ ಆಯಸ್ಸಿನ ಲೆಕ್ಕಕ್ಕೂ ಕೈ ಹಾಕುತ್ತದೆ.

4. ಆಪರೇಷನ್ ನಂತರದ ಪೆಥಾಲಜಿ ರಿಪೋರ್ಟಿನಲ್ಲಿ ಗ್ರಂಥಿಗಳ ಸಂಖ್ಯೆ ನೋಡಿ

ಜಠರದ ಜೊತೆ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಕನಿಷ್ಠ 16 ಗ್ರಂಥಿಗಳನ್ನು ಪರೀಕ್ಷಿಸಿರಬೇಕು, ಇಲ್ಲದಿದ್ದರೆ ಕ್ಯಾನ್ಸರ್ ಯಾವ ಹಂತದಲ್ಲಿದೆ ಎಂಬ ಲೆಕ್ಕವೇ ಅನುಮಾನ. ಹಾಗೆಂದು ಹೆಚ್ಚು ತೆಗೆದಷ್ಟೂ ಒಳ್ಳೆಯದು ಎಂದಲ್ಲ. ನೆದರ್ಲೆಂಡ್ಸ್‌ನ ಪ್ರಸಿದ್ಧ ಪ್ರಯೋಗವೊಂದರಲ್ಲಿ ವಿಸ್ತಾರವಾಗಿ ಗ್ರಂಥಿ ತೆಗೆಸಿಕೊಂಡವರಲ್ಲಿ ನೂರಕ್ಕೆ ಹತ್ತು ಮಂದಿ ಆಪರೇಷನ್ನಿನ ಬೆನ್ನಿಗೇ ಸತ್ತರು, ಸೀಮಿತವಾಗಿ ತೆಗೆಸಿಕೊಂಡವರಲ್ಲಿ ನಾಲ್ಕು ಮಂದಿ. ಹದಿನೈದು ವರ್ಷದ ನಂತರ ನೋಡಿದರೆ ಜಠರ ಕ್ಯಾನ್ಸರಿನಿಂದಲೇ ಸತ್ತವರು ಮೊದಲ ಗುಂಪಿನಲ್ಲಿ ನೂರಕ್ಕೆ 37, ಎರಡನೆಯದರಲ್ಲಿ 48. ಅಂದರೆ ದೂರದ ಲಾಭಕ್ಕೆ ಆರಂಭದಲ್ಲೇ ಬೆಲೆ ತೆತ್ತಂತಾಯಿತು. ಗುಲ್ಮವನ್ನೂ ಮೇದೋಜೀರಕದ ಬಾಲವನ್ನೂ ಕತ್ತರಿಸುತ್ತಿದ್ದುದು ಆ ಸಾವುಗಳಿಗೆ ಒಂದು ಮುಖ್ಯ ಕಾರಣ. ಈಗ ಅವುಗಳನ್ನು ಸಾಧ್ಯವಾದಷ್ಟು ಉಳಿಸಿಕೊಂಡೇ ವಿಸ್ತಾರವಾಗಿ ತೆಗೆಯುತ್ತಾರೆ. ಪಳಗಿದ ಕೈ ಬೇಕು ಎಂದದ್ದು ಇದಕ್ಕೇ.

5. ಮೊದಲ ಹತ್ತು ದಿನ ನಾಡಿಯ ಮೇಲೆ ಕಣ್ಣಿಡಿ

ಇಡೀ ಜಠರ ತೆಗೆದರೆ ಅನ್ನನಾಳವನ್ನು ನೇರವಾಗಿ ಸಣ್ಣ ಕರುಳಿಗೆ ಕೂಡಿಸುತ್ತಾರೆ. ಆ ಕೂಡಿಕೆ ಸೋರಬಹುದು, ಮುಚ್ಚಿ ಹೊಲಿದ ಡ್ಯುಯೋಡಿನಮ್ಮಿನ (ಸಣ್ಣ ಕರುಳಿನ ಮೊದಲ ಭಾಗದ) ಮೊನೆ ಸೋರಬಹುದು, ಮೇದೋಜೀರಕದ ರಸ ಒಸರಬಹುದು, ಒಳಗೆ ರಕ್ತಸ್ರಾವವೂ ಆಗಬಹುದು. ಹೊಟ್ಟೆನೋವು ಜೋರಾಗುವವರೆಗೆ ಕಾದರೆ ತಡವಾಗುತ್ತದೆ. ಮೊದಲ ಸುಳಿವನ್ನು ಎಷ್ಟೋ ಸಲ ನಾಡಿಯೇ ಕೊಡುತ್ತದೆ. ನಿನ್ನೆ 80 ಇದ್ದದ್ದು ಇವತ್ತು ಮಲಗಿದ್ದಾಗಲೂ 115 ಇದೆ, ಉಸಿರು ಮೇಲೆಮೇಲೆ ಹೋಗುತ್ತಿದೆ, ಸಣ್ಣಗೆ ಜ್ವರ, ರೋಗಿ ಸುಮ್ಮನೆ ಚಡಪಡಿಸುತ್ತಿದ್ದಾರೆ, ಡ್ರೈನ್ ಚೀಲದ ತಿಳಿ ದ್ರವ ಹಸಿರಿಗೋ ಕಂದಿಗೋ ತಿರುಗಿದೆ ಎಂದಾದರೆ ತಕ್ಷಣ ನರ್ಸ್ ಅನ್ನು ಕರೆಯಿರಿ. "ಗ್ಯಾಸ್ ಇರಬೇಕು" ಎಂಬ ಮಾತನ್ನು ಆ ಹತ್ತು ದಿನ ಬಾಯಿಂದ ತೆಗೆಯಬೇಡಿ. ಮೂರನೆಯ ದಿನದಿಂದ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಇಳಿಮುಖವಾಗಿದೆಯೇ ಎಂದು ಕೇಳಿದರೆ ಯಾವ ವೈದ್ಯರೂ ಬೇಸರಪಡಬಾರದು.

6. ಮರುದಿನವೇ ನಡೆಸಿ

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹಾರಿದರೆ ಜೀವಕ್ಕೇ ಅಪಾಯ. ಆದ್ದರಿಂದ ಮಂಚದಿಂದ ಇಳಿಸಿ ನಾಲ್ಕು ಹೆಜ್ಜೆ ಹಾಕಿಸುತ್ತಾರೆ. "ಪಾಪ, ಮಲಗಿರಲಿ ಬಿಡಿ" ಎನ್ನಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ನನ್ನು ಮನೆಗೆ ಹೋದಮೇಲೂ ಒಟ್ಟು ನಾಲ್ಕು ವಾರದವರೆಗೆ ಮುಂದುವರಿಸಲು ಹೇಳಬಹುದು, ನಡುವೆ ಬಿಡಬೇಡಿ. ಶ್ವಾಸಕೋಶದ ವ್ಯಾಯಾಮಕ್ಕೆ ಕೊಟ್ಟ ಮೂರು ಚೆಂಡಿನ ಉಸಿರಾಟದ ಸಾಧನವನ್ನು ಟೇಬಲ್ ಮೇಲೆ ಅಲಂಕಾರಕ್ಕೆ ಇಟ್ಟಿರುವುದಿಲ್ಲ.

7. ಆರು ಸಲ ಉಣಿಸಿ, ಬಲವಂತ ಬೇಡ

ಮನೆಗೆ ಬಂದಮೇಲೆ ರೋಗಿಗೆ ದೊಡ್ಡ ಕಾಟ ಪ್ರೀತಿಯದು. "ಇನ್ನೊಂದು ತುತ್ತು" ಎಂದು ಬಡಿಸುವ ಕೈಯನ್ನು ತಡೆಯುವುದು ಯಾರಿಗೂ ಸುಲಭವಲ್ಲ. ಆಹಾರವನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತಿದ್ದ ಚೀಲ ಈಗ ಇಲ್ಲ. ಒಂದೇ ಸಲ ಹೆಚ್ಚು ಉಂಡರೆ, ಅದರಲ್ಲೂ ಸಿಹಿ ಉಂಡರೆ, 15ರಿಂದ 30 ನಿಮಿಷದಲ್ಲಿ ಎದೆ ಬಡಿತ, ಬೆವರು, ಹೊಟ್ಟೆ ಕಿವುಚು, ಭೇದಿ ಶುರುವಾಗುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಸಕ್ಕರೆ ಕುಸಿದು ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಬೈಕ್ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ದಿನಕ್ಕೆ ಆರು ಸಲ, ಸಣ್ಣ ತಟ್ಟೆಯಲ್ಲಿ ಕೊಡಿ. ಮೆತ್ತಗಿನ ಇಡ್ಲಿ, ಬೇಯಿಸಿದ ಮೊಟ್ಟೆ, ಗಟ್ಟಿ ತೊವ್ವೆ ಕಲಸಿದ ಅನ್ನ, ಮೊಸರನ್ನ, ಬೇಯಿಸಿದ ಮೀನು ಒಳ್ಳೆಯದು. ಹೋಳಿಗೆ, ಪಾಯಸ, ಕಬ್ಬಿನ ಹಾಲು ದೂರ ಇರಲಿ. ನೀರು, ಮಜ್ಜಿಗೆ, ತಿಳಿಸಾರು ಊಟದ ಜೊತೆ ಬೇಡ, ಅರ್ಧ ಗಂಟೆ ಆಚೀಚೆ ಕುಡಿಯಲಿ. ಮಂಡ್ಯ, ಹಾಸನದ ಕಡೆಯವರಿಗೆ ಇನ್ನೊಂದು ಮಾತು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಅರೆಯುವ ಜಠರವೇ ಇಲ್ಲದಾಗ ಅಗಿಯದೆ ನುಂಗಿದ ಯಾವುದೂ ಕ್ಷೇಮವಲ್ಲ. ರಾಗಿ ಬೇಕೆನಿಸಿದರೆ ಬೆಲ್ಲ ಹಾಕದ ಅಂಬಲಿಯನ್ನು ಸ್ವಲ್ಪಸ್ವಲ್ಪ ಗುಟುಕರಿಸಲಿ. ಉಂಡ ಕೂಡಲೇ ಚಪ್ಪಟೆ ಮಲಗಿದರೆ ಪಿತ್ತ ಗಂಟಲಿಗೆ ಬರುತ್ತದೆ, ತಲೆದಿಂಬು ಎತ್ತರವಿರಲಿ.

8. ಬಿ12 ಜೀವನಪರ್ಯಂತ

ಬಿ12 ವಿಟಮಿನ್ ಮೈಗೆ ಹತ್ತಲು ಜಠರ ಸ್ರವಿಸುವ ಒಂದು ವಸ್ತು ಬೇಕೇ ಬೇಕು. ಪಿತ್ತಜನಕಾಂಗದ ದಾಸ್ತಾನು ಕೆಲವು ವರ್ಷ ಸಾಗಿಸುತ್ತದೆ, ಹಾಗಾಗಿ ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಅಂಗಾಲು ಜುಮ್ಮೆನ್ನುವುದು, ಮರೆವು, ರಕ್ತಹೀನತೆ. ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು. ಇಡೀ ಜಠರ ತೆಗೆಸಿಕೊಂಡವರು ವೈದ್ಯರು ಹೇಳಿದ ಅಂತರದಲ್ಲಿ ಇಂಜೆಕ್ಷನ್ ತಪ್ಪಿಸಬಾರದು. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ಆಗಾಗ ಪರೀಕ್ಷೆಯಾಗಲಿ.

9. ಇಳಿದ ತೂಕವೆಲ್ಲ ಕ್ಯಾನ್ಸರ್ ಅಲ್ಲ, ಎಲ್ಲ ನೋವೂ ಗ್ಯಾಸ್ ಅಲ್ಲ

ಮೊದಲ ತಿಂಗಳುಗಳಲ್ಲಿ ನೂರಕ್ಕೆ ಹತ್ತಿಪ್ಪತ್ತು ಭಾಗದಷ್ಟು ತೂಕ ಇಳಿಯುವುದು ಸಾಮಾನ್ಯ. ಗಾಬರಿ ಬೇಡ, ಪ್ರತಿ ವಾರ ತೂಗಿ ಬರೆದಿಡಿ. ನಿಂತ ತೂಕ ಮತ್ತೆ ಇಳಿಯತೊಡಗಿದರೆ ತೋರಿಸಿ. ಮರುಕಳಿಸುವುದಾದರೆ ಬಹುಪಾಲು ಮೊದಲ ಎರಡು-ಮೂರು ವರ್ಷಗಳಲ್ಲೇ, ಆದ್ದರಿಂದ ಆ ಅವಧಿಯ ತಪಾಸಣೆ ತಪ್ಪಿಸಬೇಡಿ. ಇನ್ನೊಂದು ಅಪಾಯ ಎಷ್ಟೋ ವರ್ಷದ ಮೇಲೂ ಬರಬಹುದು: ಮರುಜೋಡಣೆಯಲ್ಲಿ ಉಳಿದ ಸಂದಿನೊಳಗೆ ಕರುಳು ನುಗ್ಗಿ ಸಿಕ್ಕಿಕೊಳ್ಳುವುದು. ತಡೆಯಲಾಗದ ಹೊಟ್ಟೆನೋವು ಹಠಾತ್ತನೆ ಬಂದರೆ ಮಾತ್ರೆ ಅಂಗಡಿಗೆ ಹೋಗಬೇಡಿ, ಎಮರ್ಜೆನ್ಸಿಗೆ ಹೋಗಿ. ಅಲ್ಲಿನ ಡ್ಯೂಟಿ ಡಾಕ್ಟರಿಗೆ ನಿಮ್ಮ ಹೊಟ್ಟೆಯೊಳಗಿನ ಹೊಸ ದಾರಿ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯ ಫೋಟೊ ತೆಗೆದು, ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇವತ್ತೇ ಇಟ್ಟುಕೊಳ್ಳಿ.