ಯೆರಿಕೊ ದಾರಿಯಲ್ಲಿ ಸಿಕ್ಕ ಸಮಾರ್ಯದವನು

ರಸ್ತೆ ಅಪಘಾತದಲ್ಲಿ ಬಿದ್ದವರಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರನ್ನು ಕೇಸು, ಕೋರ್ಟು ಅಂತ ಸಿಕ್ಕಿಸೋ ಹಾಗಿಲ್ಲ. ಇದಕ್ಕೆ ನಮ್ಮಲ್ಲಿ ಈಗ ಕಾನೂನೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿದಾಗ 134ಎ ಅನ್ನೋ ಸೆಕ್ಷನ್ ಸೇರಿಸಿದರು. ಹೀಗೆ ಸಹಾಯಕ್ಕೆ ಬರುವವರಿಗೆ ಅದು ಕೊಟ್ಟಿರುವ ಹೆಸರು ‘ಗುಡ್ ಸಮಾರಿಟನ್’. ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಸಮಾರಿಟನ್ ಅಂದರೆ ಯಾರು ಅಂತ ಕೇಳಿದರೆ ಮಾತ್ರ ‘ಉಪಕಾರ ಮಾಡುವವನು’ ಅಂದುಬಿಡುತ್ತೇವೆ. ಅದು ಒಂದು ಜನಾಂಗದ ಹೆಸರು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯೇಸು ಈ ಕಥೆ ಹೇಳಿದಾಗ, ಕೇಳುತ್ತಿದ್ದ ಜನರ ಕಿವಿಗೆ ‘ಒಳ್ಳೆಯ’ ಮತ್ತು ‘ಸಮಾರ್ಯದವನು’ ಅನ್ನೋ ಎರಡು ಪದ ಒಟ್ಟಿಗೆ ಕೂರುತ್ತಲೇ ಇರಲಿಲ್ಲ. ಬೈಬಲಿನ ಕಥೆಯೊಳಗೂ ‘ಒಳ್ಳೆಯ’ ಅನ್ನೋ ವಿಶೇಷಣ ಇಲ್ಲ, ಅದನ್ನು ಅಂಟಿಸಿದ್ದು ಆಮೇಲಿನವರು.

ಮೊದಲು ಸ್ವಲ್ಪ ಹಿನ್ನೆಲೆ. ಯೇಸು ಹುಟ್ಟಿದ್ದು ಕ್ರಿ.ಪೂ. 6ರಿಂದ 4ರ ನಡುವೆ ಅಂತ ಹೆಚ್ಚಿನ ಇತಿಹಾಸಕಾರರ ಲೆಕ್ಕ. (ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ! ಆರನೇ ಶತಮಾನದಲ್ಲಿ ವರ್ಷ ಎಣಿಸಲು ಕೂತ ಸನ್ಯಾಸಿಯ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು.) ಬೆಳೆದದ್ದು ಗಲಿಲಾಯ ಸೀಮೆಯ ನಜರೇತ್ ಎಂಬ ಸಣ್ಣ ಹಳ್ಳಿಯಲ್ಲಿ. ಅವರ ಕಸುಬಿಗೆ ಮಾರ್ಕನ ಸುವಾರ್ತೆ ‘ಟೆಕ್ಟೋನ್’ ಎಂಬ ಗ್ರೀಕ್ ಪದ ಬಳಸುತ್ತೆ. ಬಡಗಿ ಅಂತ ಅನುವಾದ ಮಾಡೋದು ರೂಢಿ, ಆದರೆ ಕಟ್ಟಡ ಕೆಲಸ ಮಾಡುವವನಿಗೂ ಅದೇ ಪದ ಸಲ್ಲುತ್ತೆ. ಸಿವಿಲ್ ಬ್ರಾಂಚಿನವರು ಬೇಕಾದರೆ ಕಾಲರ್ ಏರಿಸಿಕೊಳ್ಳಬಹುದು. ಜೋರ್ಡಾನ್ ನದಿಯಲ್ಲಿ ಯೋಹಾನನಿಂದ ದೀಕ್ಷಾಸ್ನಾನ ಪಡೆದ ಮೇಲೆ ಊರೂರು ಸುತ್ತಿ ಬೋಧಿಸಿದ್ದು ಹೆಚ್ಚೆಂದರೆ ಮೂರು ವರ್ಷ, ನಮ್ಮ ಡಿಗ್ರಿಗಿಂತ ಕಡಿಮೆ. ರೋಮನ್ ಅಧಿಕಾರಿ ಪಿಲಾತ ಅವರನ್ನು ಶಿಲುಬೆಗೆ ಹಾಕಿಸಿದ್ದು ಕ್ರಿ.ಶ. 30 ಅಥವಾ 33ರ ಸುಮಾರಿಗೆ. ಯೇಸು ಬರೆದಿಟ್ಟ ಪುಸ್ತಕ ಅಂತ ಯಾವುದೂ ಇಲ್ಲ. ಉಳಿದಿರೋದು ಆಮೇಲಿನವರು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ ಮಾತುಗಳು. ಅದರಲ್ಲೂ ನೆನಪಲ್ಲಿ ನಿಲ್ಲೋದು ಕಥೆಗಳು.

ಈ ಕಥೆ ನಾಲ್ಕು ಸುವಾರ್ತೆಗಳಲ್ಲಿ ಲೂಕನದ್ದರಲ್ಲಿ ಮಾತ್ರ ಇದೆ, ಹತ್ತನೇ ಅಧ್ಯಾಯದಲ್ಲಿ. ಧರ್ಮಶಾಸ್ತ್ರ ಓದಿಕೊಂಡ ಒಬ್ಬ ಪಂಡಿತ ಯೇಸುವನ್ನು ಪರೀಕ್ಷೆ ಮಾಡೋಕೆ ಅಂತಲೇ ಎದ್ದು ನಿಲ್ಲುತ್ತಾನೆ. ನಿತ್ಯಜೀವ ಸಿಗಬೇಕಾದರೆ ಏನು ಮಾಡಬೇಕು ಅನ್ನೋದು ಅವನ ಪ್ರಶ್ನೆ. ಶಾಸ್ತ್ರ ಏನು ಹೇಳುತ್ತೆ, ನೀನೇ ಹೇಳು ಅಂತ ಯೇಸು ಅವನಿಗೇ ಕೇಳುತ್ತಾರೆ. ದೇವರನ್ನು ಪ್ರೀತಿಸು, ನೆರೆಯವನನ್ನೂ ಪ್ರೀತಿಸು ಅನ್ನುತ್ತಾನೆ ಅವನು. ಸರಿ, ಹಾಗೇ ಮಾಡು ಅನ್ನುತ್ತಾರೆ ಯೇಸು. ಪಂಡಿತ ಅಲ್ಲಿಗೆ ಬಿಡೋದಿಲ್ಲ. ಹಾಗಾದರೆ ನನ್ನ ನೆರೆಯವನು ಯಾರು ಅಂತ ಕೇಳುತ್ತಾನೆ.

ಇದು ನಮ್ಮಂಥವರ ಪ್ರಶ್ನೆ. ಡೆಫಿನಿಷನ್ ಕೊಡಿ, ಬೌಂಡರಿ ಎಲ್ಲಿ ಹೇಳಿ, ಅದರ ಒಳಗಿರೋರನ್ನು ಪ್ರೀತಿಸುತ್ತೇನೆ, ಹೊರಗಿರೋರ ಜವಾಬ್ದಾರಿ ನನ್ನದಲ್ಲ. ಅವನದ್ದು ತಲೆಹರಟೆ ಅಂತ ಹೇಳೋಕಾಗಲ್ಲ. ನೆರೆಯವನನ್ನು ಪ್ರೀತಿಸು ಅನ್ನೋ ಮಾತು ಬರೋದು ಯಾಜಕಕಾಂಡದಲ್ಲಿ, ಅಲ್ಲಿ ಅದು ಸ್ವಂತ ಜನರ ಬಗ್ಗೆ ಹೇಳಿದ ಹಾಗಿದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಪರದೇಶಿಯನ್ನೂ ಪ್ರೀತಿಸು ಅಂತಿದೆ. ಗೆರೆ ಎಲ್ಲಿ ಎಳೆಯಬೇಕು ಅನ್ನೋದು ನಿಜಕ್ಕೂ ಚರ್ಚೆಯ ವಿಷಯ.

ಯೇಸು ಗೆರೆ ಎಳೆಯಲ್ಲ, ಕಥೆ ಹೇಳುತ್ತಾರೆ. ಒಬ್ಬ ಮನುಷ್ಯ ಜೆರುಸಲೇಮಿನಿಂದ ಯೆರಿಕೊಗೆ ಇಳಿದು ಹೋಗುತ್ತಿದ್ದ. ‘ಇಳಿದು’ ಅನ್ನೋದು ಸುಮ್ಮನೆ ಬಂದ ಪದ ಅಲ್ಲ. ಜೆರುಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಯೆರಿಕೊ ಸುಮಾರು 250 ಮೀಟರ್ ಕೆಳಗೆ. ಮೂವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಒಂದು ಸಾವಿರ ಮೀಟರ್ ಇಳಿಜಾರು, ಅದೂ ಮರ ನೆರಳಿಲ್ಲದ ಬೋಳು ಗುಡ್ಡಗಳ ನಡುವೆ. ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಅವರು ಅವನ ಬಟ್ಟೆಯನ್ನೂ ಬಿಡದೆ ದೋಚಿ, ಹೊಡೆದು, ಅರೆಜೀವ ಮಾಡಿ ಬಿಟ್ಟುಹೋದರು. ಆ ದಾರಿಯಲ್ಲಿ ಒಬ್ಬ ಯಾಜಕ ಬಂದ, ನೋಡಿದ, ಆಚೆ ಬದಿಯಿಂದ ಹೋದ. ದೇವಾಲಯದ ಸೇವೆಯ ಕುಲದವನಾದ ಲೇವಿಯೊಬ್ಬ ಬಂದ, ಅವನೂ ಹಾಗೇ ಹೋದ.

ಯಾಜಕ ಹೆಣ ಮುಟ್ಟಿದರೆ ಮೈಲಿಗೆ, ಅದಕ್ಕೇ ದೂರ ಹೋದ ಅಂತ ಕೆಲವರು ಅವನ ಪರ ವಾದ ಮಾಡುತ್ತಾರೆ. ನನಗೆ ಒಪ್ಪಿಗೆಯಾಗಲಿಲ್ಲ. ಅವನೂ ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಅಂತಿದೆ ಕಥೆ, ಅಂದರೆ ದೇವಾಲಯವಿದ್ದ ಜೆರುಸಲೇಮನ್ನು ಬಿಟ್ಟು ಬರುತ್ತಿದ್ದ. ಪೂಜೆಗೆ ಹೊತ್ತಾಯಿತು ಅನ್ನೋ ನೆಪ ಅವನಿಗಿಲ್ಲ. ಕಥೆಯಲ್ಲಿ ಅವನು ಯಾವ ಕಾರಣವನ್ನೂ ಕೊಡಲ್ಲ, ಕಾರಣ ಹುಡುಕಿಕೊಡುತ್ತಿರೋದು ನಾವು.

ಮೂರನೆಯವನು ಯಾರಾಗಬೇಕಿತ್ತು? ಯಾಜಕ, ಲೇವಿ ಆದಮೇಲೆ ಒಬ್ಬ ಸಾಮಾನ್ಯ ಯೆಹೂದಿ ಬರುತ್ತಾನೆ ಅಂತಲೇ ಕೇಳುಗರು ಕಾದಿರುತ್ತಾರೆ. ಬಂದವನು ಸಮಾರ್ಯದವನು. ಎರಡೂ ಜನಾಂಗದವರು ಪೂಜಿಸೋದು ಒಬ್ಬನೇ ದೇವರನ್ನು, ಮೋಶೆಯ ಶಾಸ್ತ್ರವೂ ಒಂದೇ. ಜಗಳ ಎಲ್ಲಿ ಪೂಜಿಸಬೇಕು ಅನ್ನೋದರಲ್ಲಿ. ಯೆಹೂದಿಗಳಿಗೆ ಜೆರುಸಲೇಮ್, ಇವರಿಗೆ ಗೆರಿಜೀಮ್ ಬೆಟ್ಟ. ಆ ಬೆಟ್ಟದ ಮೇಲಿದ್ದ ಸಮಾರ್ಯದವರ ದೇವಾಲಯವನ್ನು ಕ್ರಿ.ಪೂ. ಎರಡನೇ ಶತಮಾನದಲ್ಲಿ ಕೆಡವಿಸಿದ್ದು ಯೆಹೂದಿ ದೊರೆ ಯೋಹಾನ ಹಿರ್ಕಾನಸ್. ಯೇಸು ಇನ್ನೂ ಹುಡುಗನಾಗಿದ್ದ ಕಾಲದಲ್ಲಿ, ಪಸ್ಕ ಹಬ್ಬದ ರಾತ್ರಿ ಕೆಲವು ಸಮಾರ್ಯದವರು ಜೆರುಸಲೇಮ್ ದೇವಾಲಯದೊಳಗೆ ನುಗ್ಗಿ ಸತ್ತವರ ಎಲುಬು ಚೆಲ್ಲಿದರು ಅಂತ ಚರಿತ್ರೆಕಾರ ಯೊಸೀಫಸ್ ಬರೆದಿದ್ದಾನೆ. ಎರಡೂ ಕಡೆ ಲೆಕ್ಕ ಬಾಕಿ ಇತ್ತು. ಇನ್ನೊಂದು ವಿಷಯ. ಲೂಕನ ಒಂಬತ್ತನೇ ಅಧ್ಯಾಯದಲ್ಲಿ, ಅಂದರೆ ಈ ಕಥೆಗೆ ಸ್ವಲ್ಪ ಮೊದಲು, ಸಮಾರ್ಯದ ಒಂದು ಹಳ್ಳಿಯವರು ಯೇಸುವಿಗೇ ಇಳಿದುಕೊಳ್ಳಲು ಜಾಗ ಕೊಡಲ್ಲ, ಅವರು ಜೆರುಸಲೇಮಿಗೆ ಹೊರಟಿದ್ದಾರೆ ಅನ್ನೋ ಕಾರಣಕ್ಕೆ. ಆಕಾಶದಿಂದ ಬೆಂಕಿ ಬೀಳಿಸಿ ಸುಡೋಣವೇ ಅಂತ ಇಬ್ಬರು ಶಿಷ್ಯರು ಕೇಳುತ್ತಾರೆ, ಯೇಸು ಅವರನ್ನೇ ಗದರಿಸುತ್ತಾರೆ. ಬಾಗಿಲು ಹಾಕಿದ ಆ ಜನದಿಂದಲೇ ಒಬ್ಬನನ್ನು ಆರಿಸಿ ಕಥೆಯ ನಾಯಕ ಮಾಡಿದ್ದಾರೆ!

ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಕರೆದುಕೊಂಡು ಹೋಗುತ್ತಾನೆ. ಕಥೆ ಮುಗಿಸಿ ಯೇಸು ಪಂಡಿತನಿಗೆ ಕೇಳೋದು ಬೇರೆಯೇ ಪ್ರಶ್ನೆ: ಈ ಮೂವರಲ್ಲಿ ಬಿದ್ದವನಿಗೆ ನೆರೆಯವನಾದವನು ಯಾರು? ಪಂಡಿತ ಕೇಳಿದ್ದು ‘ಯಾರನ್ನು’ ಅಂತ, ವಾಪಸ್ ಬಂದಿದ್ದು ‘ಯಾರು ಆದರು’ ಅಂತ. ಮೊದಲನೆಯದಕ್ಕೆ ಪಟ್ಟಿ ಮಾಡಿ ಮುಗಿಸಬಹುದು. ಎರಡನೆಯದಕ್ಕೆ ಪಟ್ಟಿಯೇ ಇಲ್ಲ. ನಮ್ಮ ‘ನೆರೆ’ ಅನ್ನೋ ಪದ ಇಲ್ಲಿ ಚೆನ್ನಾಗಿ ಕೂರುತ್ತೆ. ಜನ ನೆರೆದರು ಅನ್ನುತ್ತೇವಲ್ಲ, ಅಲ್ಲಿ ಅದು ಕ್ರಿಯಾಪದ, ಹತ್ತಿರ ಬರೋದು, ಸೇರೋದು. ಪಕ್ಕದ ಮನೆಯಲ್ಲಿ ಇರೋದಲ್ಲ, ಹತ್ತಿರ ಹೋಗೋದು. ಪಂಡಿತ ಕೊಟ್ಟ ಉತ್ತರವನ್ನೂ ಗಮನಿಸಿ. ‘ಸಮಾರ್ಯದವನು’ ಅನ್ನೋ ಪದ ಅವನ ಬಾಯಿಗೆ ಬರಲ್ಲ, ಕರುಣೆ ತೋರಿಸಿದವನು ಅಂತ ಸುತ್ತಿ ಬಳಸಿ ಹೇಳುತ್ತಾನೆ.

ಕಥೆ ಗೊತ್ತಿದ್ದರೆ ಸಾಕಾ? ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾದ್ರಿಯಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ, ಭಾಷಣ ಮಾಡಬೇಕು ಅಂತ ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ, ಅವನು ಪ್ರಯೋಗದವರೇ ಕೂರಿಸಿದ್ದ ಮನುಷ್ಯ. 1973ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಮಯ ಇದೆ ಅಂತ ಹೇಳಿ ಕಳಿಸಿದವರಲ್ಲಿ 63% ನಿಂತು ಸಹಾಯ ಮಾಡಿದರು, ಆಗಲೇ ತಡವಾಗಿದೆ ಅಂತ ಓಡಿಸಿದವರಲ್ಲಿ 10% ಮಾತ್ರ. ಅರ್ಧದಷ್ಟು ಜನರ ಭಾಷಣದ ವಿಷಯ ಇದೇ ಸಮಾರ್ಯದವನ ಕಥೆ! ಅದರಿಂದ ಗಮನಾರ್ಹ ವ್ಯತ್ಯಾಸ ಏನೂ ಕಾಣಲಿಲ್ಲ. ಸಬ್‌ಮಿಷನ್ ದಿನ ಬೆಳಿಗ್ಗೆ ನಮ್ಮ ಕಾರಿಡಾರಿನಲ್ಲಿ ಈ ಪ್ರಯೋಗ ಮಾಡಿದರೆ ಎಷ್ಟು ಬರುತ್ತೋ ಅಂತ ಯೋಚಿಸಿದರೆ ನನಗೆ ಸ್ವಲ್ಪ ಭಯವೇ ಆಗುತ್ತೆ.

ಸಮಾರ್ಯದವನೂ ಖಾಲಿ ಕೂತವನಲ್ಲ, ಎಲ್ಲಿಗೋ ಹೊರಟಿದ್ದ. ರಾತ್ರಿ ಉಳಿದು ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಸುಮಾರು ಎರಡು ದಿನದ ಕೂಲಿ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂತ ಹೇಳಿ ತನ್ನ ದಾರಿ ಹಿಡಿದ.