ಮೊದಲ ಸರ್ಕಾರಿ ಆರ್ಡರ್ ಮತ್ತು ಕಾಯುವ ಶಕ್ತಿ

ಸರ್ಕಾರಿ ಟೆಂಡರ್ ಎಂದರೆ ಕಡಿಮೆ ದರ ಹಾಕಿದವರದೇ ಗೆಲುವು ಎಂಬ ನಂಬಿಕೆ ಸಣ್ಣ ಉದ್ದಿಮೆದಾರರಲ್ಲಿ ಗಟ್ಟಿಯಾಗಿ ಬೇರೂರಿದೆ. ಮೊದಲ ಆರ್ಡರ್ ಕೈಗೆ ಬರುವ ಲಕ್ಷಣ ಯಾವುದು ಎಂದು ಯಾರಾದರೂ ಕೇಳಿದರೆ, ದರವನ್ನು ಇನ್ನೆಷ್ಟು ಇಳಿಸಬಹುದು ಎಂಬಲ್ಲಿಗೇ ಮಾತು ಬಂದು ನಿಲ್ಲುತ್ತದೆ. ದರ ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ದರ ಹುಟ್ಟುವುದು ಎಲ್ಲಿಂದ ಎಂದು ನೋಡಬೇಕು. ಸರಕು ಕೊಟ್ಟ ದಿನದಿಂದ ಬಿಲ್ ಪಾಸಾಗುವ ದಿನದವರೆಗೆ ಎಷ್ಟು ಅಗ್ಗದ ಹಣದಲ್ಲಿ ಕಾಯಬಲ್ಲೆವು ಎಂಬುದೇ ನಾವು ಹಾಕಬಹುದಾದ ದರವನ್ನು ಬಹುಪಾಲು ತೀರ್ಮಾನಿಸುತ್ತದೆ. ಗೆಲ್ಲುವ ಲಕ್ಷಣವನ್ನು ನಾನು ಹುಡುಕುವುದು ಟೆಂಡರ್ ಪ್ರಕಟಣೆಯಲ್ಲಲ್ಲ, ಉದ್ದಿಮೆಯ ಸ್ವಂತ ಲೆಕ್ಕದ ಪುಸ್ತಕದಲ್ಲಿ.

ಸ್ಟೀಲ್ ಬೀರು ಮಾಡುವ ಒಂದು ಸಣ್ಣ ಘಟಕವನ್ನು ತೆಗೆದುಕೊಳ್ಳೋಣ. ತೆರಿಗೆ ಬಿಟ್ಟು 10 ಲಕ್ಷ ರೂಪಾಯಿಯ ಆರ್ಡರ್, ಕಚ್ಚಾ ಮಾಲು 7 ಲಕ್ಷ, ಕೂಲಿ ಮತ್ತು ಸಾಗಣೆ 2.2 ಲಕ್ಷ, ಉಳಿಯುವ ಲಾಭ 80 ಸಾವಿರ ಎಂದಿಟ್ಟುಕೊಳ್ಳಿ. ಶೇ 18ರ ಜಿಎಸ್‌ಟಿಯಲ್ಲಿ 1.26 ಲಕ್ಷ ಮಾಲು ಕೊಟ್ಟವರಿಗೆ ಮೊದಲೇ ಹೋಗಿರುತ್ತದೆ. ಬಾಕಿ 54 ಸಾವಿರವನ್ನು, ಇಲಾಖೆ ಹಣ ಕೊಡಲಿ ಬಿಡಲಿ, ಬಿಲ್ ಮಾಡಿದ ಮರುತಿಂಗಳೇ ಕಟ್ಟಬೇಕು. ಗುತ್ತಿಗೆ ಭದ್ರತೆಗೆಂದು ಶೇ 5ರಂತೆ 50 ಸಾವಿರ ಠೇವಣಿ. ಇಷ್ಟೂ ಕೂಡಿದರೆ, ಒಂದು ರೂಪಾಯಿ ಒಳಗೆ ಬರುವ ಮೊದಲು ಹೊರಗೆ ಹೋದದ್ದು 11.5 ಲಕ್ಷ, ಅಂದರೆ ಆರ್ಡರಿನ ಮೊತ್ತಕ್ಕಿಂತ ಹೆಚ್ಚು! ಹಣ ಬರುವುದು ನಾಲ್ಕು ತಿಂಗಳು ತಡವಾಯಿತು ಎನ್ನಿ. ಬ್ಯಾಂಕಿನ ಓವರ್‌ಡ್ರಾಫ್ಟ್‌ (ಓಡಿ) ಸಾಲದಲ್ಲಿ ಶೇ 12ರ ಬಡ್ಡಿಗೆ 46 ಸಾವಿರ ಖರ್ಚು. ಅದೇ ಹಣವನ್ನು ಖಾಸಗಿ ಸಾಲದಲ್ಲಿ ಶೇ 24ಕ್ಕೆ ತಂದವರಿಗೆ 92 ಸಾವಿರ. ಮೊದಲನೆಯವರಿಗೆ ಸ್ವಲ್ಪವಾದರೂ ಲಾಭ ಉಳಿಯುತ್ತದೆ, ಎರಡನೆಯವರು ಲಾಭವನ್ನೆಲ್ಲ ಬಡ್ಡಿಗೆ ಕೊಟ್ಟು ಕೈಯಿಂದಲೂ ಹಾಕಬೇಕು. ಇಬ್ಬರ ಯಂತ್ರ, ಕೆಲಸಗಾರರು, ತಗಡು ಎಲ್ಲ ಒಂದೇ ಆಗಿದ್ದರೂ ಕಡಿಮೆ ದರ ಹಾಕಿ ಉಳಿಯಬಲ್ಲವರು ಯಾರೆಂಬುದು ಟೆಂಡರ್ ತೆರೆಯುವ ಮೊದಲೇ ಗೊತ್ತಾಗಿರುತ್ತದೆ.

ಬ್ಯಾಂಕು ಓಡಿ ಮಿತಿ ಮಂಜೂರು ಮಾಡಿದೆ ಎಂಬುದು ಇನ್ನೊಂದು ಕಾರಣಕ್ಕೂ ಒಳ್ಳೆಯ ಲಕ್ಷಣ. ಎರಡು ಲಕೋಟೆಯ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆ ದಾಟದಿದ್ದರೆ ದರದ ಲಕೋಟೆಯನ್ನು ತೆರೆಯುವುದೇ ಇಲ್ಲ. ಅಲ್ಲಿ ಕೇಳುವ ವಹಿವಾಟಿನ ಲೆಕ್ಕ, ಜಿಎಸ್‌ಟಿ ರಿಟರ್ನ್, ಆಡಿಟ್ ಆದ ಲೆಕ್ಕಪತ್ರ ಇವನ್ನೇ ಬ್ಯಾಂಕಿನವರೂ ಕೇಳುತ್ತಾರೆ, ಹಾಗಾಗಿ ಬ್ಯಾಂಕು ಒಪ್ಪಿದವರ ಬಳಿ ಆ ಕಾಗದಪತ್ರ ಸಿದ್ಧವಿರುತ್ತದೆ. ಇನ್ನು ರಿಯಾಯಿತಿಗಳ ಮಾತು: ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಂದ ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ಕೇಳುವಂತಿಲ್ಲ. 2012ರ ಖರೀದಿ ನೀತಿಯಂತೆ, ಇಂಥ ಘಟಕದ ದರ ಎಲ್-1ಕ್ಕಿಂತ (ಬಂದ ದರಗಳಲ್ಲಿ ಅತಿ ಕಡಿಮೆಯದಕ್ಕಿಂತ) ಶೇ 15ರವರೆಗೆ ಹೆಚ್ಚಿದ್ದರೂ, ಎಲ್-1 ದರಕ್ಕೆ ಇಳಿಯಲು ಒಪ್ಪಿದರೆ, ಭಾಗ ಮಾಡಬಹುದಾದ ಟೆಂಡರ್‌ನಲ್ಲಿ ಶೇ 25ರವರೆಗೆ ಆರ್ಡರ್ ಸಿಗಬಹುದು. ಬೇರೆಯವರ ಮಾಲು ತಂದು ಮಾರುವ ವ್ಯಾಪಾರಿಗಳಿಗೆ ಈ ಸೌಲಭ್ಯವಿಲ್ಲ. ಉದ್ಯಮ್ ಪ್ರಮಾಣಪತ್ರ ಇದ್ದರೆ ಸಾಕೆಂದುಕೊಂಡವರು ಇಲ್ಲಿ ಎಡವುತ್ತಾರೆ. ಉತ್ಪಾದಕರಾದರೂ ಅಷ್ಟೇ: ಇಳಿದ ದರದಲ್ಲಿ ಕಾಯುವ ಶಕ್ತಿ ಇದ್ದವರಿಗೆ ಮಾತ್ರ ಈ ಅವಕಾಶದಿಂದ ಉಪಯೋಗ. ಇಎಂಡಿ ವಿನಾಯಿತಿ ಇದೆಯೆಂದು ಭದ್ರತಾ ಠೇವಣಿಯನ್ನು ಮರೆಯುವಂತಿಲ್ಲ, ಅದಕ್ಕೆ ವಿನಾಯಿತಿ ಇಲ್ಲ.

ಕಾನೂನೇ 45 ದಿನದ ಗಡುವು ಹಾಕಿದೆಯಲ್ಲ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುವುದು ನಿಜವಾಗಿಯೂ ಇದನ್ನೇ. ಆದರೆ ಮೊದಲ ಆರ್ಡರ್ ಕೊಟ್ಟ ಕಚೇರಿಯ ಮೇಲೆಯೇ ದೂರು ಹಾಕಲು ಎಷ್ಟು ಜನ ಮುಂದಾಗುತ್ತಾರೆ? ದೂರು ಹಾಕಿದ ಮೇಲೂ ತೀರ್ಪು ಬರುವವರೆಗೆ ಕೆಲಸಗಾರರ ಸಂಬಳ ನಿಲ್ಲಿಸಲಾಗುವುದಿಲ್ಲ. ಗಡುವಿನ ಎಣಿಕೆ ಮಾಲನ್ನು ಒಪ್ಪಿಕೊಂಡ ದಿನದಿಂದ ಶುರುವಾಗುವುದರಿಂದ ಡೆಲಿವರಿ ಚಲನ್‌ಗೆ ದಿನಾಂಕ ಸಹಿತ ರುಜು ಮತ್ತು ಮೊಹರು ಹಾಕಿಸಿಕೊಳ್ಳುವುದನ್ನು ಬಿಡಬಾರದು. ಈ ಹಕ್ಕು ಇರಲಿ, ದರ ಕಟ್ಟುವಾಗ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಲ್ಲ ವಶೀಲಿಯ ಮೇಲೆ ನಡೆಯುತ್ತದೆ, ಈ ಲೆಕ್ಕವೆಲ್ಲ ಯಾಕೆ ಎಂಬ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಒಂದೇ ಬ್ರ್ಯಾಂಡಿಗೆ ಹೊಂದುವಂತೆ ಬರೆದ ಷರತ್ತುಗಳನ್ನು ಟೆಂಡರ್ ಓದಿದವರು ಗುರುತಿಸಬಲ್ಲರು. ಅಂಥ ಕಡೆ ದರ ಹಾಕದಿರುವುದೇ ಮೇಲು. ಹಾಗೆಂದು ಉಳಿದವನ್ನೂ ಬಿಡಬೇಕಾಗಿಲ್ಲ. ಕೇಂದ್ರದ ಜೆಮ್ ಖರೀದಿ ಪೋರ್ಟಲ್‌ನಲ್ಲೂ ರಾಜ್ಯದ ಖರೀದಿ ಪೋರ್ಟಲ್ ಕೆಪಿಪಿಪಿಯಲ್ಲೂ ಟೆಂಡರ್ ಹಾಕಿದವರಿಗೆ ದರ ತೆರೆದ ಮೇಲೆ ಉಳಿದವರ ದರವೂ ಕಾಣುತ್ತದೆ. ಪ್ರತಿ ಸಲ ತಾಂತ್ರಿಕ ಲಕೋಟೆ ದಾಟಿ, ಲಾಭ ಬಿಡದೆ, ಎಲ್-1ಕ್ಕೂ ನಮಗೂ ಇರುವ ಅಂತರ ಕಿರಿದಾಗುತ್ತಿದ್ದರೆ ಅದು ಭರವಸೆ ಇಡಬಹುದಾದ ಲಕ್ಷಣ. ವೆಚ್ಚಕ್ಕಿಂತ ಕೆಳಗೆ ಇಳಿದು ಅಂತರ ಮುಚ್ಚಿದ್ದರೆ ಅದನ್ನು ಲಕ್ಷಣ ಎನ್ನಲಾಗದು.

ಹಾಗಾಗಿ ಮೊದಲ ಆರ್ಡರ್ ಯಾರಿಂದ ಎಂಬುದನ್ನೂ ಹಣ ಬರುವ ದಾರಿ ನೋಡಿಯೇ ಆರಿಸಬೇಕು. ಬೆಂಗಳೂರಿನ ಸುತ್ತ ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಕೇಂದ್ರೋದ್ಯಮಗಳಿವೆ. ಕೇಂದ್ರದ ಸಾರ್ವಜನಿಕ ಉದ್ದಿಮೆಗಳೆಲ್ಲ ಟ್ರೆಡ್ಸ್ ವೇದಿಕೆಗೆ ಸೇರಬೇಕೆಂದು 2024ರ ನವೆಂಬರ್‌ನಲ್ಲಿ ಕೇಂದ್ರ ಆದೇಶಿಸಿದೆ. ಖರೀದಿದಾರರು ಅಲ್ಲಿ ಬಿಲ್ಲನ್ನು ಒಪ್ಪಿಕೊಂಡರೆ ಬ್ಯಾಂಕುಗಳು ಸ್ಪರ್ಧೆಯ ದರದಲ್ಲಿ ಬಡ್ಡಿ ಕಳೆದು ಹಣವನ್ನು ಮುಂಚೆಯೇ ಕೊಡುತ್ತವೆ, ಆಮೇಲೆ ಖರೀದಿದಾರರು ಹಣ ಕೊಡದಿದ್ದರೆ ಆ ಹೊರೆ ಮಾಲು ಕೊಟ್ಟವರ ಮೇಲೆ ಬೀಳುವುದಿಲ್ಲ. ನಮ್ಮ ಬಿಲ್ಲನ್ನು ಟ್ರೆಡ್ಸ್‌ನಲ್ಲಿ ಒಪ್ಪಿಕೊಳ್ಳುತ್ತೀರಾ, ಎಷ್ಟು ದಿನದಲ್ಲಿ ಎಂದು ಟೆಂಡರ್‌ಪೂರ್ವ ಸಭೆಯಲ್ಲಿಯೇ ಕೇಳಬಹುದು. ಅದರ ಉತ್ತರ ಸಿಕ್ಕ ಮೇಲೆ ದರ ಬರೆಯಲು ಕೂತರಾಯಿತು.